ಪೀಣ್ಯದ ಇಟಿಪಿ, ಮಲ್ಪೆಯ ಮೀನುನೀರು: ಒಂದು ಟರ್ನ್‌ಕೀ ಸೇವೆಯ ವಿಮರ್ಶೆ

ಕರಾವಳಿಯ ಮೀನು ಘಟಕಕ್ಕೆ ಇಟಿಪಿ, ಅಂದರೆ ಕೊಳೆನೀರು ಶುದ್ಧೀಕರಿಸುವ ಸ್ಥಾವರ, ಬೇಕೆಂದರೆ ಮಾಲೀಕರು ಘಟ್ಟ ಹತ್ತಿ ಬೆಂಗಳೂರಿಗೆ ಬರುವುದು ಹೊಸದೇನಲ್ಲ. ಇಲ್ಲಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ತೊಟ್ಟಿಯ ಬೆಸುಗೆ, ಗಾಳಿ ಊದುವ ಬ್ಲೋವರ್, ಪ್ಯಾನೆಲ್ ವೈರಿಂಗ್ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪರಿಸರ ಭವನ ಚರ್ಚ್ ಸ್ಟ್ರೀಟಿನಲ್ಲಿದೆ. ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಕೆಲಸವೂ ಇಲ್ಲಿಂದಲೇ ನಡೆಯುತ್ತದೆ. ಹಾಗಾಗಿ ‘ಅರ್ಜಿಯಿಂದ ಹಿಡಿದು ಪ್ಲಾಂಟ್ ಚಾಲೂ ಆಗುವವರೆಗೆ ಎಲ್ಲ ನಮ್ಮ ಜವಾಬ್ದಾರಿ’ ಎನ್ನುವ ಸೇವೆಗೆ ಬೇಡಿಕೆ ಇದೆ.

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಪೀಣ್ಯದ ಒಂದು ಸಂಸ್ಥೆ ಕೊಡುವ ಅಂಥದೇ ಪ್ಯಾಕೇಜು. ಸಿಗಡಿ, ಬೊಂಡಾಸ್ (ಸ್ಕ್ವಿಡ್) ಸುಲಿದು ಫ್ರೀಜ್ ಮಾಡುವ ಘಟಕಕ್ಕೆ ದಿನಕ್ಕೆ 50 ಕಿಲೋಲೀಟರ್ ಸಾಮರ್ಥ್ಯದ ಇಟಿಪಿ, ಮಂಡಳಿಯ ಸಮ್ಮತಿ ಪತ್ರಗಳ ಕೆಲಸ, ತಿಂಗಳಿಗೊಮ್ಮೆ ನೀರಿನ ಪರೀಕ್ಷೆ, ಒಂದು ವರ್ಷದ ನಿರ್ವಹಣೆ ಇದರಲ್ಲಿ ಸೇರಿವೆ. ದರ ಘಟಕದಿಂದ ಘಟಕಕ್ಕೆ ಬದಲಾಗುವುದರಿಂದ ಅದನ್ನು ಬಿಟ್ಟು ಕೊಟೇಶನ್, ನಕ್ಷೆ ಮತ್ತು ಕರಾರಿನ ಷರತ್ತುಗಳನ್ನು ಕಾನೂನಿನ ಪಕ್ಕ ಇಟ್ಟು ಓದಿದ್ದೇವೆ. ಕಾಗದದ ಕೆಲಸ ಗಟ್ಟಿಯಾಗಿದೆ. ನೀರಿನ ಕೆಲಸ ತಿದ್ದಿದರೆ ಸರಿಹೋದೀತು. ನಾತದ ವಿಷಯದಲ್ಲಿ ಮಾತ್ರ ಈ ಸೇವೆ ಮಾಡಬೇಕಾದ್ದನ್ನು ಮಾಡಿಯೇ ಇಲ್ಲ. ಕರಾವಳಿಯಲ್ಲಿ ಘಟಕಕ್ಕೆ ಬೀಗ ಬೀಳುವ ದೂರು ಸಾಮಾನ್ಯವಾಗಿ ಶುರುವಾಗುವುದು ಮೂಗಿನಿಂದ. ಇಡೀ ಪ್ಯಾಕೇಜು ನೋಡುವುದು ಪೈಪಿನ ತುದಿಯನ್ನು ಮಾತ್ರ.

ಕಾಗದದ ಕೆಲಸ

1974ರ ಜಲ ಕಾಯ್ದೆಯ 25ನೇ ಕಲಮಿನಂತೆ ಹೊಸದಾಗಿ ನೀರು ಹೊರಬಿಡುವ ಯಾವ ಘಟಕಕ್ಕೂ ಮಂಡಳಿಯ ಸಮ್ಮತಿ ಮೊದಲೇ ಬೇಕು. ಕಟ್ಟುವ ಮುಂಚೆ ಸ್ಥಾಪನಾ ಸಮ್ಮತಿ, ಓಡಿಸುವ ಮುಂಚೆ ಕಾರ್ಯಾಚರಣಾ ಸಮ್ಮತಿ. ಕಚೇರಿಗಳಲ್ಲಿ ಇವಕ್ಕೆ ಸಿಎಫ್‌ಇ, ಸಿಎಫ್‌ಒ ಎಂದೇ ರೂಢಿ. ಬಾಯ್ಲರ್, ಜನರೇಟರ್ ಇದ್ದರೆ 1981ರ ವಾಯು ಕಾಯ್ದೆಯ ಸಮ್ಮತಿಯೂ ಜೊತೆಗೇ ಬರುತ್ತದೆ. 2016ರ ವರ್ಗೀಕರಣದಲ್ಲಿ ಮೀನು ಸಂಸ್ಕರಿಸಿ ಪ್ಯಾಕ್ ಮಾಡುವ ಘಟಕ ಕಿತ್ತಳೆ ವರ್ಗದ್ದು. ಬರೀ ಐಸ್ ಮತ್ತು ಶೀತಲ ಗೃಹ ಹಸಿರು ವರ್ಗದ್ದು. ‘ನಮ್ಮದು ಕೋಲ್ಡ್ ಸ್ಟೋರೇಜ್ ಅಷ್ಟೇ’ ಎಂದು ಹಸಿರಿನಲ್ಲಿ ಅರ್ಜಿ ಹಾಕಿ, ಒಳಗೆ ಸಿಗಡಿ ಸುಲಿಯುವ ಮೇಜು ಹಾಕಿಕೊಂಡರೆ ಮೊದಲ ತಪಾಸಣೆಯಲ್ಲೇ ಸಿಕ್ಕಿಬೀಳುವುದು ಖಚಿತ. ಈ ಸಂಸ್ಥೆ ಅಂಥ ಅಡ್ಡದಾರಿ ಸೂಚಿಸುವುದಿಲ್ಲ. ನೀರಿನ ಲೆಕ್ಕದ ಪಟ್ಟಿ, ಚರಂಡಿಯ ನಕ್ಷೆ, ಐಸ್ ಕರಗಿದ ನೀರಿನ ಪ್ರಮಾಣ ಎಲ್ಲವನ್ನೂ ಅರ್ಜಿಯಲ್ಲಿ ಬಿಡಿಬಿಡಿಯಾಗಿ ತೋರಿಸಿದೆ. ಇದು ಮೆಚ್ಚಬೇಕಾದ ಕೆಲಸ.

ಜಾಗದ ವಿಷಯದಲ್ಲೂ ನೇರವಾಗಿದ್ದಾರೆ. 2019ರ ಜನವರಿ 18ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಹೊಸ ಮೀನು ಸಂಸ್ಕರಣಾ ಘಟಕ ಸ್ಥಾಪನೆ ನಿಷೇಧಿತ ಚಟುವಟಿಕೆಗಳ ಪಟ್ಟಿಯಲ್ಲಿದೆ. ಸಂಸ್ಕರಿಸದ ತ್ಯಾಜ್ಯವನ್ನು ಸಮುದ್ರಕ್ಕೆ ಬಿಡುವುದೂ ಅದೇ ಪಟ್ಟಿಯಲ್ಲಿದೆ. 2011ರ ಅಧಿಸೂಚನೆಯಲ್ಲಿ ಗೋದಾಮು ಸೇರಿಸಿ ವಿಸ್ತರಣೆಗೂ ತಡೆಯಿತ್ತು, ಮೀನುಮರಿ ಕೇಂದ್ರಕ್ಕೆ ಮತ್ತು ಸಹಜವಾಗಿ ಮೀನು ಒಣಗಿಸುವುದಕ್ಕೆ ಮಾತ್ರ ವಿನಾಯಿತಿ. ಆದ್ದರಿಂದ ಉಬ್ಬರದ ನೀರು ಮುಟ್ಟುವ ಭರತರೇಖೆಯಿಂದ ಜಾಗ ಎಷ್ಟು ದೂರ ಎಂಬ ಪ್ರಶ್ನೆ ಇಟಿಪಿಗಿಂತ ಮೊದಲು ಬರಬೇಕು. ಹೊಳೆಬದಿಯ ಜಾಗಕ್ಕೂ ಸಿಆರ್‌ಝಡ್ ಅನ್ವಯಿಸುತ್ತದೆ ಎಂಬುದು ಬೆಂಗಳೂರಿನಲ್ಲಿ ಕೂತು ನಕ್ಷೆ ನೋಡುವವರಿಗೆ ತಪ್ಪಿಹೋಗುತ್ತದೆ. ಉಬ್ಬರದ ನೀರು ನೇತ್ರಾವತಿ, ಗುರುಪುರ, ಕಾಳಿ ನದಿಗಳೊಳಗೆ ಮೈಲಿಗಟ್ಟಲೆ ಹತ್ತುತ್ತದೆ. ಇವರು ಸರ್ವೆ ನಂಬರನ್ನು ಕರಾವಳಿ ವಲಯ ನಕ್ಷೆಯ ಮೇಲೆ ಕೂರಿಸಿ ತೋರಿಸಿದ ನಂತರವೇ ಮುಂಗಡ ಕೇಳುತ್ತಾರೆ. ಇದೇ ಪ್ರಾಮಾಣಿಕತೆ ಮುಂದಿನ ಪುಟಗಳಲ್ಲೂ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಮೂವತ್ತೋ, ನೂರೋ

ಕೊಟೇಶನ್ನಿನ ಮೂರನೇ ಪುಟದಲ್ಲಿ ‘ಹೊರಹೋಗುವ ನೀರಿನ ಗುಣಮಟ್ಟ: ಬಿಒಡಿ 100ಕ್ಕಿಂತ ಕಡಿಮೆ’ ಎಂದಿದೆ. ನೀರಿನಲ್ಲಿನ ಕೊಳೆಯನ್ನು ಒಡೆಯಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ ಬಿಒಡಿ. ಈ 100 ಎಲ್ಲಿಂದ ಬಂತು? 1986ರ ಪರಿಸರ ಸಂರಕ್ಷಣಾ ನಿಯಮಗಳ ಆರನೇ ಅನುಸೂಚಿಯಲ್ಲಿ ಕರಾವಳಿ ಸಮುದ್ರಕ್ಕೆ ಬಿಡುವ ನೀರಿಗೆ ಇರುವ ಸಾಮಾನ್ಯ ಮಿತಿ ಅದು. ಅಲ್ಲಿ ಲೀಟರಿಗೆ ಬಿಒಡಿ 100 ಮಿಲಿಗ್ರಾಂ, ಸಿಒಡಿ (ರಾಸಾಯನಿಕವಾಗಿ ಅಳೆದ ಆಮ್ಲಜನಕದ ಬೇಡಿಕೆ) 250, ತೇಲುಕಣ 100, ಎಣ್ಣೆ ಜಿಡ್ಡು 20, ಅಮೋನಿಯಾ ರೂಪದ ಸಾರಜನಕ 50. ಆದರೆ ಅದೇ ನಿಯಮಗಳ ಒಂದನೇ ಅನುಸೂಚಿಯಲ್ಲಿ ಕಸಾಯಿಖಾನೆ, ಮಾಂಸ ಮತ್ತು ಸಮುದ್ರ ಆಹಾರ ಉದ್ದಿಮೆಗೆಂದೇ ಬೇರೆ ಮಿತಿ ಇದೆ. ಸಮುದ್ರ ಆಹಾರಕ್ಕೆ ಬಿಒಡಿ 30, ತೇಲುಕಣ 50, ಎಣ್ಣೆ ಜಿಡ್ಡು 10. ಒಂದು ಉದ್ದಿಮೆಗೆ ಅದರದೇ ಮಿತಿ ಇರುವಾಗ ಸಾಮಾನ್ಯ ಮಿತಿಯನ್ನು ಹಿಡಿದು ಪ್ಲಾಂಟ್ ಕಟ್ಟುವುದು ಸರಿಯಲ್ಲ. ಸಮ್ಮತಿ ಪತ್ರದಲ್ಲಿ ಮಂಡಳಿ ಬರೆದ ಅಂಕಿಯೇ ಕೊನೆಯ ಮಾತು. ಮಂಡಳಿ 30 ಎಂದು ಬರೆದ ದಿನ, 100ಕ್ಕೆ ಕಟ್ಟಿದ ತೊಟ್ಟಿ ಕೈಕೊಡುತ್ತದೆ.

100ರಿಂದ 30ಕ್ಕೆ ಇಳಿಯುವುದು ಬ್ಲೋವರ್ ಸ್ವಲ್ಪ ಜಾಸ್ತಿ ಓಡಿಸಿದರೆ ಆಗುವ ಕೆಲಸವಲ್ಲ. ಗಾಳಿ ತೊಟ್ಟಿಯ ಗಾತ್ರ, ಕೆಸರು ಕೂರಿಸುವ ತೊಟ್ಟಿಯ ಅಗಲ ಬದಲಾಗುತ್ತವೆ, ಕೊನೆಗೆ ಮರಳಿನ ಸೋಸುಪಾತ್ರೆ ಸೇರಿಸಬೇಕಾಗುತ್ತದೆ. ಆರ್ಡರ್ ಕೊಡುವ ಮುಂಚೆ ಖಾತರಿ ಅಂಕಿಯ ಸಾಲನ್ನು ‘ಸಮ್ಮತಿ ಪತ್ರದಲ್ಲಿ ನಮೂದಾದ ಮಿತಿ ಅಥವಾ ಬಿಒಡಿ 30, ಇವುಗಳಲ್ಲಿ ಕಡಿಮೆಯಾದದ್ದು’ ಎಂದು ತಿದ್ದಿಸಿ. ಸಂಸ್ಥೆ ಒಪ್ಪದಿದ್ದರೆ ಅವರ ವಿನ್ಯಾಸದಲ್ಲಿ ಎಷ್ಟು ಜೀವವಿದೆ ಎಂಬುದು ಅಲ್ಲೇ ತಿಳಿಯುತ್ತದೆ.

ಅಪಾರ್ಟ್‌ಮೆಂಟಿನ ನಕ್ಷೆ

ಬೆಂಗಳೂರಿನ ಈ ಉದ್ಯಮ ಬೆಳೆದದ್ದು ಅಪಾರ್ಟ್‌ಮೆಂಟುಗಳ ಎಸ್‌ಟಿಪಿ (ಮನೆಬಳಕೆಯ ಕೊಳಚೆ ಶುದ್ಧೀಕರಿಸುವ ಸ್ಥಾವರ) ಕಟ್ಟಿ. ಆ ಕೈಚಳಕ ಇಲ್ಲಿಯ ಬೆಸುಗೆಯಲ್ಲಿ, ಪೈಪಿನ ಜೋಡಣೆಯಲ್ಲಿ ಕಾಣುತ್ತದೆ. ಲೆಕ್ಕವನ್ನೂ ಅಲ್ಲಿಂದಲೇ ತಂದಿದ್ದಾರೆ. ತೊಂದರೆ ಶುರುವಾಗುವುದು ಇಲ್ಲಿ.

ದಿನಕ್ಕೆ 50 ಕಿಲೋಲೀಟರ್ ಎಂದರೆ ಗಂಟೆಗೆ ಸುಮಾರು 2.1 ಕಿಲೋಲೀಟರ್ ಎಂದು 24 ಗಂಟೆಗೆ ಭಾಗಿಸಿದ್ದಾರೆ. ನೀರನ್ನು ಒಟ್ಟುಮಾಡಿ ಹದಗೊಳಿಸುವ ಮೊದಲ ತೊಟ್ಟಿಗೆ ಎಂಟು ಗಂಟೆಯ ಸರಾಸರಿ ಹರಿವು ಸಾಕೆಂದು ಸುಮಾರು 16 ಕಿಲೋಲೀಟರ್ ಗಾತ್ರ ಕೊಟ್ಟಿದ್ದಾರೆ. ಅಪಾರ್ಟ್‌ಮೆಂಟಿನಲ್ಲಿ ಇದು ನಡೆಯುತ್ತದೆ, ಅಲ್ಲಿ ಬೆಳಗ್ಗೆ ಸಂಜೆ ಎರಡೂ ಹೊತ್ತು ನೀರು ಹರಿಯುತ್ತದೆ. ಮೀನು ಘಟಕದಲ್ಲಿ ನಸುಕಿಗೆ ದಕ್ಕೆಯಿಂದ ಮೀನು ಬಂದರೆ ಆರು ಗಂಟೆಯೊಳಗೆ ಸುಲಿದು, ತೊಳೆದು, ನೆಲಕ್ಕೆ ಹೋಸ್ ಹಿಡಿದು ಮುಗಿಸುತ್ತಾರೆ. 50 ಕಿಲೋಲೀಟರ್ ಆರು ಗಂಟೆಯಲ್ಲಿ ಬಂದರೆ ಗಂಟೆಗೆ 8.3. ಪಂಪು ಎತ್ತುವುದು 2.1. ಗಂಟೆಗೆ 6.2 ಕಿಲೋಲೀಟರ್ ತೊಟ್ಟಿಯಲ್ಲಿ ಉಳಿಯುತ್ತಾ ಹೋಗಿ ಎರಡೂವರೆ ಗಂಟೆಯಲ್ಲಿ ತುಂಬಿ ಹೊರಚೆಲ್ಲುತ್ತದೆ. ಬೇಕಾದದ್ದು ಕನಿಷ್ಠ 37.5 ಕಿಲೋಲೀಟರ್, ಮೇಲೆ ಐದರಲ್ಲಿ ಒಂದು ಪಾಲು ಹೆಚ್ಚುವರಿ ಸೇರಿಸಿ 45.

ಹೊರಚೆಲ್ಲಿದ ನೀರು ಮಳೆನೀರಿನ ಚರಂಡಿಗೆ ಸೇರುತ್ತದೆ. ಜಲ ಕಾಯ್ದೆಯ 24ನೇ ಕಲಮಿನಲ್ಲಿ ತಿಳಿದೂ ಬಿಡುವುದು ಮಾತ್ರವಲ್ಲ, ತಿಳಿದೂ ಹರಿಯಗೊಡುವುದು ಕೂಡ ನಿಷಿದ್ಧ. ತೊಟ್ಟಿ ಸಣ್ಣದೆಂದು ಗೊತ್ತಿದ್ದೂ ಓಡಿಸಿದವರಿಗೆ ‘ಆಕಸ್ಮಿಕ’ ಎನ್ನುವ ನೆಪ ಸಿಗುವುದಿಲ್ಲ. ಕಂಪನಿಯ ಅಪರಾಧಕ್ಕೆ ಅದರ ಹೊಣೆ ಹೊತ್ತವರನ್ನು 47ನೇ ಕಲಮು ನೇರವಾಗಿ ಹಿಡಿಯುತ್ತದೆ. ಮಾಲೀಕರು ಸಹಿ ಹಾಕುವ ನಕ್ಷೆಯಲ್ಲಿ ಆ ತೊಟ್ಟಿಯ ಗಾತ್ರವನ್ನು ಖುದ್ದಾಗಿ ನೋಡಬೇಕಾದ ಕಾರಣ ಅದು.

ಎರಡನೆಯ ಕೊರತೆ ಸಾರಜನಕದ್ದು. ಒಳಬರುವ ಬಿಒಡಿಯನ್ನು ಲೀಟರಿಗೆ 1,500 ಮಿಲಿಗ್ರಾಂ ಎಂದು ಹಿಡಿದಿದ್ದಾರೆ, ಅಂದರೆ ದಿನಕ್ಕೆ 75 ಕೆಜಿ. ಸಿಗಡಿ ತೊಳೆದ ನೀರಿಗೆ ಅದು ಒಪ್ಪಬಹುದಾದ ಅಂಕಿ. ಬ್ಲೋವರನ್ನೂ ಆ 75 ಕೆಜಿಗೆ ಆರಿಸಿದ್ದಾರೆ. ಆದರೆ ಮೀನಿನ ನೀರು ಪ್ರೋಟೀನಿನ ನೀರು. ಅದು ಒಡೆದಾಗ ಅಮೋನಿಯಾ ಬರುತ್ತದೆ. ಒಂದು ಕೆಜಿ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು 4.57 ಕೆಜಿ ಆಮ್ಲಜನಕ ಬೇಕು. ಲೀಟರಿಗೆ 150 ಮಿಲಿಗ್ರಾಂ ಸಾರಜನಕವಿದ್ದರೂ ದಿನಕ್ಕೆ 7.5 ಕೆಜಿ, ಅದಕ್ಕೇ 34 ಕೆಜಿ ಆಮ್ಲಜನಕ. ಕೊಟೇಶನ್ನಿನಲ್ಲಿ ಈ ಸಾಲೇ ಇಲ್ಲ. ಇದರ ಮೇಲೆ ಉಪ್ಪುನೀರಿನ ಪೆಟ್ಟು ಬೇರೆ. ಬೆಚ್ಚಗಿನ ಸಮುದ್ರದ ನೀರಿನಲ್ಲಿ ಸಿಹಿನೀರಿಗಿಂತ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ ಆಮ್ಲಜನಕ ಕರಗುತ್ತದೆ. ತೊಟ್ಟಿಯಲ್ಲಿ ಕರಗಿದ ಆಮ್ಲಜನಕ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಮೊದಲು ಅಮೋನಿಯಾ ಏರುತ್ತದೆ, ಆಮೇಲೆ ಕೆಸರು ಕಪ್ಪಗಾಗುತ್ತದೆ, ಕೊನೆಗೆ ನಾತ.

ಲೋಹದ ಆಯ್ಕೆಯೂ ಘಟ್ಟದ ಮೇಲಿನದೇ. ಗಾಳಿಗುಳ್ಳೆಯಿಂದ ಕೊಬ್ಬು ತೇಲಿಸುವ ಡಿಎಎಫ್ ತೊಟ್ಟಿಯನ್ನು ಎಸ್‌ಎಸ್ 304 ಎಂಬ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕೊಡುತ್ತಾರೆ. ಕ್ಲೋರೈಡ್ ತುಂಬಿದ ನೀರಿಗೆ 304 ನಿಲ್ಲುವುದಿಲ್ಲ, ಬೆಸುಗೆಯ ಅಂಚಿನಲ್ಲಿ ಸೂಜಿಮೊನೆಯಷ್ಟು ಕುಳಿ ಬಿದ್ದು ತೂತಾಗುತ್ತದೆ. 316 ಅಥವಾ ಎಫ್‌ಆರ್‌ಪಿ (ನಾರಿನಿಂದ ಬಲಪಡಿಸಿದ ಪ್ಲಾಸ್ಟಿಕ್) ಕೇಳಿ. ಪ್ಯಾನೆಲ್ ಪೆಟ್ಟಿಗೆಯನ್ನು ಹದಗೊಳಿಸುವ ತೊಟ್ಟಿಯ ಪಕ್ಕದ ಗೋಡೆಗೆ ಹಾಕಿದ್ದಾರೆ. ತೊಟ್ಟಿಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ತಾಮ್ರದ ಸಂಪರ್ಕಗಳನ್ನು ಕರಿದಾಗಿಸಿ ಕೆಡಿಸುತ್ತದೆ, ಪೆಟ್ಟಿಗೆ ಬೇರೆ ಕೋಣೆಗೆ ಹೋಗಲೇಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಒಂದನ್ನು ಮೆಚ್ಚಲೇಬೇಕು. ಇವರ ಡಿಎಎಫ್ ಚೆನ್ನಾಗಿದೆ. ನೀರಿನ ನಾಲ್ಕರಲ್ಲಿ ಒಂದು ಪಾಲನ್ನು 5 ಬಾರ್ ಒತ್ತಡದಲ್ಲಿ ಗಾಳಿ ಕರಗಿಸಿ ಮರಳಿಸುತ್ತಾರೆ, ಗುಳ್ಳೆ ಹಾಲಿನ ಬಣ್ಣಕ್ಕೆ ನುಣ್ಣಗೆ ಬರುತ್ತದೆ. ಮೀನಿನ ಪ್ರೋಟೀನು ಹೆಪ್ಪುಗಟ್ಟುವುದು ಪಿಎಚ್ 5ರ ಆಸುಪಾಸಿನಲ್ಲಿ ಎಂಬುದನ್ನು ಅರಿತು ಆಮ್ಲದ ಡೋಸಿಂಗ್ ಪಂಪನ್ನೂ ಸೇರಿಸಿದ್ದಾರೆ. ಬೊಂಡಾಸಿನ ಮಸಿಯನ್ನು ಹಿಡಿಯುವುದು ಬಲು ಕಷ್ಟ, ಈ ಹಂತ ಸರಿಯಾಗಿ ನಡೆದರೆ ಮಸಿಯೂ ನೊರೆಯ ಜೊತೆ ಮೇಲೆ ಬರುತ್ತದೆ. ಒಂದೇ ಎಚ್ಚರಿಕೆ: ಫೆರಿಕ್ ಕ್ಲೋರೈಡ್ ಅಥವಾ ಆಲಂ ಹಾಕಿ ತೆಗೆದ ಆ ನೊರೆಯನ್ನು ಫಿಶ್‌ಮೀಲ್ (ಮೀನಿನ ಹಿಟ್ಟು) ಕಾರ್ಖಾನೆಗೆ ಕೊಡುವಂತಿಲ್ಲ. ‘ಉಪಉತ್ಪನ್ನ ಮಾರಾಟದಿಂದ ಆದಾಯ’ ಎಂಬ ಅವರ ಸಾಲನ್ನು ಹೊಡೆದುಹಾಕಿ.

ಚರಂಡಿಗೆ ಬೀಳುವ ಮೊದಲು

ಪ್ಯಾಕೇಜಿನಲ್ಲಿ ಅತಿ ಅಗ್ಗದ, ಅತಿ ಮುಖ್ಯದ ವಸ್ತು ‘ಐಚ್ಛಿಕ’ ಎಂಬ ಪಟ್ಟಿಯಲ್ಲಿದೆ: ಒಂದು ಮಿಲಿಮೀಟರ್ ಸಂದಿನ ತಿರುಗುವ ಡ್ರಮ್ ಜರಡಿ. ಬದಲಿಗೆ ಕೊಟ್ಟಿರುವುದು ಹತ್ತು ಮಿಲಿಮೀಟರ್ ಸಂದಿನ ಕಂಬಿ ಜಾಲರಿ. ಅದರಲ್ಲಿ ಸಿಗಡಿಯ ತಲೆ ನಿಂತೀತು. ಸಿಪ್ಪೆಯ ಚೂರು, ಮೀನಿನ ಪೊರೆ, ಬೊಂಡಾಸಿನ ಚರ್ಮ ಎಲ್ಲ ಜಾರಿ ಹೋಗುತ್ತದೆ.

ಸಿಪ್ಪೆ ನೀರಿನಲ್ಲಿ ನೆನೆದಷ್ಟೂ ಅದರೊಳಗಿನ ರಸ ನೀರಿಗೆ ಇಳಿಯುತ್ತದೆ. ಹತ್ತು ನಿಮಿಷದಲ್ಲಿ ಎತ್ತಿದ ಸಿಪ್ಪೆ ಘನತ್ಯಾಜ್ಯ, ಬುಟ್ಟಿಗೆ ತುಂಬಿ ಕಳಿಸಬಹುದು. ರಾತ್ರಿಯೆಲ್ಲ ತೊಟ್ಟಿಯಲ್ಲಿ ನೆಂದ ಸಿಪ್ಪೆ ಬಿಒಡಿಯಾಗಿರುತ್ತದೆ, ಅದನ್ನು ಕರೆಂಟು ಸುಟ್ಟೇ ತೆಗೆಯಬೇಕು. ಆದ್ದರಿಂದ ನೆಲದ ಚರಂಡಿಯ ಪ್ರತಿ ಬಾಯಿಗೂ 3 ಮಿಲಿಮೀಟರ್ ತೂತಿನ ಸ್ಟೀಲ್ ಬುಟ್ಟಿ ಬೇಕು, ಎತ್ತಿ ಖಾಲಿ ಮಾಡುವ ಹಾಗೆ ಹಿಡಿಯಿರಬೇಕು. ಹೋಸ್ ಹಿಡಿಯುವ ಮುಂಚೆ ರಬ್ಬರ್ ವೈಪರಿನಿಂದ ನೆಲ ಬಳಿದು ಕಸ ಎತ್ತಬೇಕು. ಹೋಸಿನ ತುದಿಗೆ ಕೈಬಿಟ್ಟ ಕೂಡಲೇ ಮುಚ್ಚಿಕೊಳ್ಳುವ ಗನ್ ಇರಬೇಕು. ರಕ್ತ ಸುರಿಯುವ ಮೇಜಿಗೆ ಪ್ರತ್ಯೇಕ ತಟ್ಟೆ, ಅದರಿಂದ ಪ್ರತ್ಯೇಕ ಕ್ಯಾನ್. ಈ ನಾಲ್ಕು ಕೆಲಸಕ್ಕೆ ಯಾವ ಎಂಜಿನಿಯರೂ ಬೇಡ. ಆದರೆ ಇವು ಯಾವ ಕೊಟೇಶನ್ನಿನಲ್ಲೂ ದೊಡ್ಡ ಮೊತ್ತವಾಗಿ ಕಾಣುವುದಿಲ್ಲವಾದ್ದರಿಂದ ಮಾರುವವರಿಗೆ ಇವುಗಳಲ್ಲಿ ಆಸಕ್ತಿಯಿಲ್ಲ.

ಕ್ಲೋರಿನ್ ಬಗ್ಗೆಯೂ ಒಂದು ಮಾತು. ರಫ್ತು ಘಟಕದಲ್ಲಿ ನೆಲ, ಮೇಜು, ಪಾತ್ರೆ ತೊಳೆಯಲು ಕ್ಲೋರಿನ್ ನೀರು ಬೇಕೇ ಬೇಕು. ಪಾಳಿ ಮುಗಿದಾಗ ಆ ಬಕೆಟುಗಳನ್ನೆಲ್ಲ ಒಮ್ಮೆಗೇ ಚರಂಡಿಗೆ ಸುರಿದರೆ ಗಾಳಿ ತೊಟ್ಟಿಯ ಸೂಕ್ಷ್ಮಜೀವಿಗಳು ಸಾಯುತ್ತವೆ. ಹದಗೊಳಿಸುವ ತೊಟ್ಟಿ ದೊಡ್ಡದಿದ್ದರೆ ಅದು ತೆಳುವಾಗಿ ಹೋಗುತ್ತದೆ. ಹೊರಬಿಡುವ ನೀರಿನಲ್ಲಿ ಉಳಿದ ಕ್ಲೋರಿನ್ 1 ಮಿಲಿಗ್ರಾಂ ಮೀರಬಾರದೆಂಬ ಮಿತಿಯೂ ಇದೆ.

ನಾತ

ಈಗ ಈ ಸೇವೆ ಸೋತ ಜಾಗ. ನಾತಕ್ಕೆ ನಮ್ಮಲ್ಲಿ ಇಷ್ಟು ಮಿಲಿಗ್ರಾಂ ಎಂಬ ಅಂಕಿಯ ಮಿತಿಯಿಲ್ಲ. ಹಾಗೆಂದು ಕಾನೂನು ಸುಮ್ಮನಿಲ್ಲ. ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಮು ಸಾರ್ವಜನಿಕ ಉಪದ್ರವ ಏನೆಂದು ಹೇಳುತ್ತದೆ, 279 ನೀರು ಕೆಡಿಸುವುದಕ್ಕೆ, 280 ಗಾಳಿ ಕೆಡಿಸುವುದಕ್ಕೆ. ಅದಕ್ಕಿಂತ ಹರಿತವಾದದ್ದು ನಾಗರಿಕ ಸುರಕ್ಷಾ ಸಂಹಿತೆಯ 152, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133. ಅಕ್ಕಪಕ್ಕದವರ ದೂರಿನ ಮೇಲೆ ಉಪವಿಭಾಗದ ಮ್ಯಾಜಿಸ್ಟ್ರೇಟರು ಉಪದ್ರವ ನಿಲ್ಲಿಸಿ ಎಂದು ಷರತ್ತಿನ ಆದೇಶ ಹೊರಡಿಸಬಹುದು. ವಿಧಿವತ್ತಾಗಿ ಹೊರಡಿಸಿದ ಆ ಆದೇಶವನ್ನು ಸಿವಿಲ್ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ‘ನಮ್ಮ ಬಿಒಡಿ 30ರ ಒಳಗಿದೆ’ ಎಂಬ ಲ್ಯಾಬ್ ವರದಿ ಅಲ್ಲಿ ರಕ್ಷಣೆಯಾಗದು. ಮಂಡಳಿಗೂ ಜಲ ಕಾಯ್ದೆಯ 33ಎ ಕಲಮಿನಲ್ಲಿ ಘಟಕ ಮುಚ್ಚಿಸುವ, ಕರೆಂಟು ನೀರು ಕಡಿತಗೊಳಿಸುವ ಅಧಿಕಾರವಿದೆ. ಚೆನ್ನೈಯಲ್ಲಿ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವಿದೆ.

ಪ್ಯಾಕೇಜಿನಲ್ಲಿ ನಾತಕ್ಕೆಂದು ಇರುವುದು ‘ಸುಗಂಧಿತ ಮಂಜು ಸಿಂಪಡಿಸುವ ವ್ಯವಸ್ಥೆ’ ಮತ್ತು ಬರೀ ನೀರಿನ ಒಂದು ಸ್ಕ್ರಬ್ಬರ್, ಅಂದರೆ ಗಾಳಿ ತೊಳೆಯುವ ಯಂತ್ರ. ಎರಡೂ ಕೆಲಸಕ್ಕೆ ಬಾರವು. ಮೀನಿನ ನಾತ ಒಂದೇ ವಸ್ತುವಿನದಲ್ಲ. ಹಸಿಮೀನು ಹಳಸುವಾಗ ಬರುವುದು ಟ್ರೈಮೀಥೈಲ್ ಅಮೈನ್ ಮತ್ತು ಅಮೋನಿಯಾ, ಇವು ಕ್ಷಾರ. ಇವನ್ನು ಹಿಡಿಯುವುದು ಆಮ್ಲದ ಸ್ಕ್ರಬ್ಬರ್, ಗಂಧಕಾಮ್ಲ ಹಾಕಿ ಪಿಎಚ್ 4ಕ್ಕಿಂತ ಕೆಳಗಿಟ್ಟ ನೀರು. ಕೊಳೆತ ತೊಟ್ಟಿಯಿಂದ ಬರುವುದು ಹೈಡ್ರೋಜನ್ ಸಲ್ಫೈಡ್ ಮತ್ತು ಮರ್ಕ್ಯಾಪ್ಟನ್, ಇವು ಆಮ್ಲೀಯ. ಇವಕ್ಕೆ ಕಾಸ್ಟಿಕ್ ಸೋಡಾ ಮತ್ತು ಹೈಪೋಕ್ಲೋರೈಟ್ ಹಾಕಿದ ಎರಡನೆಯ ಸ್ಕ್ರಬ್ಬರ್ ಬೇಕು. ಎರಡನ್ನೂ ಒಂದೇ ಬರೀ ನೀರಿನಲ್ಲಿ ಹಿಡಿಯುತ್ತೇನೆಂದರೆ ಎರಡೂ ತಪ್ಪಿಸಿಕೊಳ್ಳುತ್ತವೆ. ಟ್ರೈಮೀಥೈಲ್ ಅಮೈನನ್ನು ಮೂಗು ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಿಡಿಯುತ್ತದೆ. ಅದರ ಮೇಲೆ ಮಲ್ಲಿಗೆಯ ವಾಸನೆ ಸಿಂಪಡಿಸಿದರೆ ಮಲ್ಲಿಗೆ ಬೆರೆತ ಮೀನುನಾತ ಸಿಗುತ್ತದೆ ಅಷ್ಟೇ.

ಫಿಶ್‌ಮೀಲ್ ಘಟಕಕ್ಕೆ ಇದೇ ಸಂಸ್ಥೆ ಕೊಡುವ ಪ್ಯಾಕೇಜಿನಲ್ಲಿ ತೊಂದರೆ ಹತ್ತು ಪಟ್ಟು. ಬೂತಾಯಿಯಂಥ ಮೀನಿನ ತೂಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರೇ. ಬೇಯಿಸಿ ಹಿಂಡಿ ಎಣ್ಣೆ ತೆಗೆದ ಮೇಲೆ ಉಳಿಯುವ ಅಂಟುನೀರಿನ ಸಿಒಡಿ ಹತ್ತಾರು ಸಾವಿರ ಮಿಲಿಗ್ರಾಂ. ಅದನ್ನು ಯಾವ ಇಟಿಪಿಗೂ ಬಿಡಬಾರದು. ಆವಿಮಾಡಿ ಗಟ್ಟಿಗೊಳಿಸಿ ಹಿಟ್ಟಿಗೇ ಮರಳಿ ಸೇರಿಸುವುದು ಸರಿಯಾದ ದಾರಿ. ಡ್ರೈಯರಿನ ಹಬೆಯನ್ನು ಮೊದಲು ಕಂಡೆನ್ಸರಿನಲ್ಲಿ 40 ಡಿಗ್ರಿಗಿಂತ ಕೆಳಗೆ ತಂದು ಆಮೇಲೆ ನಾತ ತಿನ್ನುವ ಸೂಕ್ಷ್ಮಜೀವಿಗಳ ಬಯೋಫಿಲ್ಟರಿಗೆ ಕಳಿಸಬೇಕು, ಬಿಸಿ ಹೋದರೆ ಜೀವಿಗಳು ಬೇಯುತ್ತವೆ. ತೆಂಗಿನ ನಾರು, ಮರದ ಚಕ್ಕೆ ತುಂಬಿದ ಒಂದು ಮೀಟರ್ ಆಳದ ಹಾಸು, ಗಾಳಿ ಅದರೊಳಗೆ 45 ಸೆಕೆಂಡಾದರೂ ನಿಲ್ಲಬೇಕು. ನಮ್ಮ ಕರಾವಳಿಯಲ್ಲಿ ಅದಕ್ಕೆ ಮೇಲ್ಛಾವಣಿ ಬೇಕೇ ಬೇಕು, ಆಷಾಢದ ಮಳೆಗೆ ತೆರೆದ ಹಾಸು ಕೆಸರುಗದ್ದೆಯಾಗಿ ಗಾಳಿ ಹೊಗುವುದೇ ಇಲ್ಲ. ಕೊಟೇಶನ್ನಿನಲ್ಲಿ ಛಾವಣಿಯಿಲ್ಲ.

ತೊಟ್ಟಿಯ ಮುಚ್ಚಳವನ್ನೂ ‘ಐಚ್ಛಿಕ’ಕ್ಕೆ ತಳ್ಳಿದ್ದಾರೆ. ಅದರ ಜೊತೆ ಸುರಕ್ಷತೆಯೂ ತಳ್ಳಿಹೋಗಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 2,700 ಮಿಲಿಗ್ರಾಂ ಸಲ್ಫೇಟ್ ಇದೆ. ಮೀನು ತೊಳೆದ ಉಪ್ಪುನೀರು ಗಾಳಿಯಿಲ್ಲದೆ ನಿಂತರೆ ಆ ಸಲ್ಫೇಟ್ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಬೆಂಗಳೂರಿನ ಕೊಳಚೆ ತೊಟ್ಟಿಗಿಂತ ಇದು ಎಷ್ಟೋ ಅಪಾಯಕಾರಿ. ಗಾಳಿಯಲ್ಲಿ ಅದು 100 ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಪಾಲು) ದಾಟಿದರೆ ಮೂಗು ಜಡ್ಡುಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಕೆಲವು ನೂರಕ್ಕೆ ಏರಿದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯ ತೊಟ್ಟಿಯಲ್ಲಿ ಐವರು ಕಾರ್ಮಿಕರು ಪ್ರಾಣ ಬಿಟ್ಟರು. ಊರು ಬಿಟ್ಟು ಪಶ್ಚಿಮ ಬಂಗಾಳದಿಂದ ದುಡಿಯಲು ಬಂದವರು. ಅದಾದ ಮೇಲೂ ಮೀನು ಘಟಕದ ಕೊಟೇಶನ್ನಿನಲ್ಲಿ ಅನಿಲ ಅಳೆಯುವ ಮೀಟರು ಇಲ್ಲವೆಂದರೆ ಅದನ್ನು ಒಪ್ಪಲಾಗದು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮು ಇಂಥ ತೊಟ್ಟಿಗಳಿಗೆಂದೇ ಇತ್ತು. ಪ್ಯಾಕೇಜಿನಲ್ಲಿ ಇರಲೇಬೇಕಾದದ್ದು: ಆಮ್ಲಜನಕ ಮತ್ತು ಹೈಡ್ರೋಜನ್ ಸಲ್ಫೈಡ್ ಅಳೆಯುವ ಕೈಮೀಟರು, ತೊಟ್ಟಿಯ ತಳದವರೆಗೆ ಗಾಳಿ ಊದುವ ಫ್ಯಾನು ಮತ್ತು ಮೆದುಗೊಳವೆ, ಮುಕ್ಕಾಲಿ ಕಂಬ, ಸೊಂಟಪಟ್ಟಿ, ಎಳೆಯುವ ಹಗ್ಗ. ಪಂಪನ್ನು ಸರಪಳಿ ಮತ್ತು ಗೈಡ್ ಪೈಪಿನ ಮೇಲೆ ಕೂರಿಸಿದರೆ ಅದು ಕಟ್ಟಿಕೊಂಡಾಗ ಮೇಲೆ ನಿಂತೇ ಎಳೆಯಬಹುದು, ಯಾರೂ ಇಳಿಯಬೇಕಿಲ್ಲ. ಈ ಒಂದು ಬದಲಾವಣೆಯನ್ನು ಸಂಸ್ಥೆ ಹಣ ಕೇಳದೆ ಮಾಡಿಕೊಡಬೇಕು.

ಬೆಂಗಳೂರಿನ ಲ್ಯಾಬಿಗೆ ಬಸ್ಸಿನಲ್ಲಿ ಬರುವ ನೀರು

ತಿಂಗಳ ಪರೀಕ್ಷೆಗೆ ಘಟಕದವರೇ ಬಾಟಲಿ ತುಂಬಿ ರಾತ್ರಿ ಬಸ್ಸಿಗೆ ಹಾಕಬೇಕು, ಬೆಂಗಳೂರಿನ ಲ್ಯಾಬು ವರದಿ ಕೊಡುತ್ತದೆ ಎಂಬುದು ವ್ಯವಸ್ಥೆ. ಐಸಿಟ್ಟ 4 ಡಿಗ್ರಿಯ ಡಬ್ಬಿಯಲ್ಲಿ ಬಂದು ಮರುದಿನ ಬೆಳಗ್ಗೆಯೇ 27 ಡಿಗ್ರಿಯ, ಮೂರು ದಿನದ ಬಿಒಡಿ ಪರೀಕ್ಷೆಗೆ ಕೂತರೆ ಸರಿ. ಶನಿವಾರ ಕಳಿಸಿ ಸೋಮವಾರ ತೆರೆದರೆ ದಾರಿಯಲ್ಲೇ ಅರ್ಧ ಬಿಒಡಿ ತಿಂದುಹೋಗಿ ವರದಿ ಸುಂದರವಾಗಿ ಬರುತ್ತದೆ. ಎಣ್ಣೆ ಜಿಡ್ಡಿಗೆ ಬೇರೆಯೇ ಗಾಜಿನ ಬಾಟಲಿ, ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗೆ. ಇವರು ಕಳಿಸುವ ಕಿಟ್ಟಿನಲ್ಲಿ ಎರಡು ಪ್ಲಾಸ್ಟಿಕ್ ಬಾಟಲಿ ಮಾತ್ರ, ಜಿಡ್ಡು ಅದರ ಗೋಡೆಗೆ ಅಂಟಿಕೊಂಡು ಲೆಕ್ಕಕ್ಕೇ ಸಿಗುವುದಿಲ್ಲ.

ಸಿಒಡಿಯದ್ದು ಇನ್ನೊಂದು ಬಗೆಯ ತಪ್ಪು. ಡೈಕ್ರೋಮೇಟ್ ಪರೀಕ್ಷೆಯಲ್ಲಿ ಕ್ಲೋರೈಡ್ ಕೂಡ ಆಮ್ಲಜನಕ ಎಳೆಯುತ್ತದೆ. ಪಾದರಸದ ಸಲ್ಫೇಟಿನಿಂದ ಅದನ್ನು ಕಟ್ಟಿಹಾಕದಿದ್ದರೆ ಪ್ರತಿ 1,000 ಮಿಲಿಗ್ರಾಂ ಕ್ಲೋರೈಡಿಗೆ 226 ಮಿಲಿಗ್ರಾಂ ಸುಳ್ಳು ಸಿಒಡಿ ಸೇರುತ್ತದೆ. ಸಮುದ್ರದ ನೀರಿನಲ್ಲಿ ಕ್ಲೋರೈಡೇ ಸುಮಾರು 19,000. ಕೊಳಚೆ ನೀರಿಗೆ ಹೊಂದಿಸಿದ ರೂಢಿಯ ಪ್ರಮಾಣ 2,000ದವರೆಗೆ ಮಾತ್ರ ತಡೆಯುತ್ತದೆ. ಬಿಒಡಿ 25, ಸಿಒಡಿ 900 ಎಂಬಂಥ ವರದಿ ಬಂದರೆ ಪ್ಲಾಂಟನ್ನು ಬೈಯುವ ಮುಂಚೆ ಲ್ಯಾಬಿಗೆ ಕ್ಲೋರೈಡಿನ ಅಂಕಿ ಕೇಳಿ. ವರದಿಯಲ್ಲಿ ಕ್ಲೋರೈಡ್ ಕಾಲಂ ಕಡ್ಡಾಯವಾಗಿರಲಿ.

ಮಂಡಳಿಯವರೇ ಬಂದು ಮಾದರಿ ತೆಗೆದಾಗ ಜಲ ಕಾಯ್ದೆಯ 21ನೇ ಕಲಮಿನ ಹಕ್ಕು ನೆನಪಿರಲಿ. ವಿಶ್ಲೇಷಣೆಗೆ ಒಯ್ಯುತ್ತೇವೆಂದು ಅಲ್ಲೇ ನೋಟಿಸು ಕೊಡಬೇಕು, ನಿಮ್ಮೆದುರೇ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರ ಸಹಿಯೂ ಇರಬೇಕು. ಎರಡನೆಯ ಭಾಗ ರಾಜ್ಯ ಜಲ ಪ್ರಯೋಗಾಲಯಕ್ಕೆ ಹೋಗಲಿ ಎಂದು ಕೇಳಬಹುದು. ಸಂಸ್ಥೆಯ ಆಪರೇಟರಿಗೆ ಇದನ್ನು ಕಲಿಸಿಕೊಟ್ಟಿದ್ದಾರೆ, ಕನ್ನಡದಲ್ಲಿ ಒಂದು ಪುಟದ ಸೂಚನೆಯನ್ನೂ ಪ್ಯಾನೆಲ್ ಪಕ್ಕ ಅಂಟಿಸಿದ್ದಾರೆ. ಒಳ್ಳೆಯ ಅಭ್ಯಾಸ.

ಜೂನ್, ಜುಲೈ

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಕರಾರಿನಲ್ಲಿ ಆ ಎರಡು ತಿಂಗಳು ‘ಉತ್ಪಾದನೆ ಇಲ್ಲದ ಅವಧಿ, ಆಪರೇಟರ್ ಇರುವುದಿಲ್ಲ’ ಎಂದಿದೆ. ಬ್ಲೋವರ್ ನಿಂತು ಎರಡು ದಿನಕ್ಕೇ ಕೆಸರು ಕಪ್ಪಾಗುತ್ತದೆ. ಎರಡು ತಿಂಗಳಲ್ಲಿ ತೊಟ್ಟಿ ಕೊಳೆತು ಅನಿಲದ ಗೂಡಾಗುತ್ತದೆ. ಆಗಸ್ಟಿನ ಮೊದಲ ವಾರ ಬೋಟುಗಳು ತುಂಬಿ ಬರುವ ಹೊತ್ತಿಗೆ ಇಟಿಪಿ ಸತ್ತಿರುತ್ತದೆ, ಇಡೀ ವರ್ಷದ ಅತಿ ಹೆಚ್ಚಿನ ನೀರು ಹಾಗೇ ಹೊಳೆಗೆ ಹೋಗುತ್ತದೆ.

ಉಳಿಸಿಕೊಳ್ಳುವುದು ಕಷ್ಟವಲ್ಲ. ಬ್ಲೋವರಿಗೆ ಟೈಮರ್ ಹಾಕಿ ಗಂಟೆಗೆ 15 ನಿಮಿಷ ಓಡಿಸಬೇಕು. ಎರಡು ದಿನಕ್ಕೊಮ್ಮೆ ಬೆಲ್ಲ ಕರಗಿಸಿ, ಜೊತೆಗೆ ಸ್ವಲ್ಪ ಯೂರಿಯಾ ಮತ್ತು ಡಿಎಪಿ, ಬಿಒಡಿ ನೂರಕ್ಕೆ ಸಾರಜನಕ ಐದು, ರಂಜಕ ಒಂದು ಎಂಬ ಅಳತೆಯಲ್ಲಿ ಹಾಕಬೇಕು. ಉಪ್ಪಿನಂಶವನ್ನೂ ಕಾಪಾಡಬೇಕು. ಮಳೆನೀರು ಬಿದ್ದು ತೊಟ್ಟಿ ಸಿಹಿಯಾದರೆ ಆಗಸ್ಟಿನ ಮೊದಲ ಉಪ್ಪುನೀರಿಗೇ ಜೀವಿಗಳು ಒಡೆದುಹೋಗುತ್ತವೆ. ಊರಿನ ಎಸ್‌ಟಿಪಿಯಿಂದ ಕೆಸರು ತಂದು ಹೊಸದಾಗಿ ಶುರುಮಾಡುವುದಾದರೆ ಜುಲೈ ಮಧ್ಯದಲ್ಲೇ ತಂದು, ದಿನಕ್ಕಿಷ್ಟು ಎಂದು ಉಪ್ಪು ಏರಿಸುತ್ತಾ ಒಗ್ಗಿಸಬೇಕು.

ಸೇವೆಗೆ ಬರುವ ಎಂಜಿನಿಯರ್ ಬೆಂಗಳೂರಿನವರು. ‘48 ಗಂಟೆಯೊಳಗೆ ಹಾಜರಿ’ ಎಂದು ಬರೆದಿದ್ದಾರೆ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದರೆ ಆ ಮಾತು ನಿಲ್ಲುವುದಿಲ್ಲ. ಬ್ಲೋವರಿನ ಬೆಲ್ಟು ಎರಡು ಜೊತೆ, ಡೋಸಿಂಗ್ ಪಂಪಿನ ಡಯಾಫ್ರಾಮ್, ಫ್ಲೋಟ್ ಸ್ವಿಚ್, ಒಂದು ಹೆಚ್ಚುವರಿ ಸಬ್‌ಮರ್ಸಿಬಲ್ ಪಂಪು ಘಟಕದಲ್ಲೇ ಇರಬೇಕು. ಇವುಗಳ ಪಟ್ಟಿ ಆರ್ಡರಿನಲ್ಲಿ ಸೇರಲಿ.

ಕೊಳ್ಳಬೇಕೇ? ಕಾಗದದ ಕೆಲಸಕ್ಕೆ ಮತ್ತು ಡಿಎಎಫ್‌ಗೆ ಈ ಸಂಸ್ಥೆಯನ್ನು ನಂಬಬಹುದು. ಹದಗೊಳಿಸುವ ತೊಟ್ಟಿ 45 ಕಿಲೋಲೀಟರ್, ಡ್ರಮ್ ಜರಡಿ, ಮುಚ್ಚಳ, ಎರಡು ಹಂತದ ಸ್ಕ್ರಬ್ಬರ್, ಅನಿಲ ಮೀಟರು ಇವೆಲ್ಲ ಮುಖ್ಯ ಪಟ್ಟಿಗೆ ಬಂದ ಮೇಲೆ ಮಾತ್ರ ಸಹಿ ಹಾಕಿ. ಕೊನೆಯ ಕಂತನ್ನು ಪ್ಲಾಂಟ್ ಚಾಲೂ ಆದ ದಿನಕ್ಕೆ ಕೊಡುವ ಷರತ್ತು ಅವರ ಕರಾರಿನಲ್ಲಿದೆ. ಅದನ್ನು ಹೊಡೆದು, ಆಗಸ್ಟಿನಲ್ಲಿ ಬೋಟು ಬಂದ ದಿನ ಬೆಳಗ್ಗೆ ಒಂಬತ್ತಕ್ಕೆ, ನೆಲ ತೊಳೆಯುತ್ತಿರುವಾಗಲೇ ಹೊರಪೈಪಿನಿಂದ ತೆಗೆದ ಮಾದರಿ ಮಿತಿಯೊಳಗೆ ಬಂದ ಮೇಲೆ ಎಂದು ಬರೆಸಿ.